ಎರೆ ಭೂಮಿ ಮೇಲಿನ ಮನೆ: ಪಾಯ ಕಾಣದೆ ವ್ಯಾಲ್ಯುಯೇಷನ್ ಹೇಗೆ?

ಹೊಸ ವ್ಯಾಲ್ಯುಯರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಲೋನಿಗೆ ಮನೆ ವ್ಯಾಲ್ಯುಯೇಷನ್ ಮಾಡೋ ಕೆಲಸಕ್ಕೆ ಹೋದ ವರ್ಷ ಸೇರಿದ್ದೇನೆ. ಓದಿದ್ದು ಸಿವಿಲ್ ಡಿಪ್ಲೊಮಾ.

ಶಾಮನೂರು ಕಡೆ 30x40 ಸೈಟು, ಕೆಳಗೊಂದು ಮೇಲೊಂದು ಮನೆ. ಮೊದಲು ಭದ್ರಾ ಚಾನಲ್ ನೀರಿನ ಗದ್ದೆ ಇದ್ದ ಜಾಗ. ಮೇಲೆ ಇನ್ನೊಂದು ಮನೆ ಕಟ್ಟೋಕೆ ಮಾಲೀಕರು ಲೋನ್ ಕೇಳಿದ್ದಾರೆ. "ಪಿಲ್ಲರ್ ಹಾಕಿಸಿದ್ದೀವಿ ಸರ್, ಇನ್ನೂ ಎರಡು ಫ್ಲೋರ್ ಆರಾಮಾಗಿ ತಡೆಯುತ್ತೆ" ಅಂತಾರೆ. ಆದರೆ ಕೆಳಗಿನ ಮನೆಯಲ್ಲಿ, ಮುಂದಿನ ಮೂಲೆ ಬೆಡ್‌ರೂಮಿನ ಕಿಟಕಿಯಿಂದ ಓರೆಯಾಗಿ ಬಿರುಕು ಹೊರಟಿದೆ. ಮೇಲೆ ಅಗಲ, ಕೆಳಗೆ ಬರ್ತಾ ಸಣ್ಣ. ಅಗಲ ಇರುವ ಕಡೆ ಒಂದು ರೂಪಾಯಿ ನಾಣ್ಯ ತೂರುತ್ತದೆ.

ಪಾಯ ಅಗೆದು ನೋಡೋಕೆ ಆಗಲ್ಲ. ರಿಪೋರ್ಟಲ್ಲಿ ಏನಂತ ಬರೆಯಲಿ?

ನಿವೃತ್ತ ಇಂಜಿನಿಯರ್, ವಿದ್ಯಾನಗರ

ತಮ್ಮಾ, "ಪಿಲ್ಲರ್ ಇದೆ" ಅಂತ ಎಲ್ಲರೂ ಹೇಳ್ತಾರೆ. ಪಿಲ್ಲರ್ ಕೆಳಗೆ ಏನಿದೆ ಅಂತ ಕೇಳು, ಅರ್ಧ ಜನ ಮೇಸ್ತ್ರಿ ಮುಖ ನೋಡ್ತಾರೆ.

ಭಾರ ಮೇಲಿಂದ ಕೆಳಗೆ ಹೇಗೆ ಇಳಿಯುತ್ತೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡು. ಮೋಲ್ಡಿನ (ಕಾಂಕ್ರೀಟ್ ಚಾವಣಿ) ಭಾರ ಬೀಮಿಗೆ, ಬೀಮಿಂದ ಪಿಲ್ಲರಿಗೆ, ಅಲ್ಲಿಂದ ಫುಟಿಂಗಿಗೆ (ಪಿಲ್ಲರ್ ಬುಡದ ಅಗಲ ಕಾಂಕ್ರೀಟ್ ಪಾದ), ಫುಟಿಂಗಿಂದ ಮಣ್ಣಿಗೆ. 5 ಇಂಚು ಮೋಲ್ಡು, ಅದರ ಮೇಲಿನ ಟೈಲ್ಸು, ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ ಹತ್ತಿರ ಹತ್ತಿರ 600 ಕೆಜಿ. 10x10 ಅಡಿ ಜಾಗದ ಭಾರ ಹೊರುವ ಒಂದು ಪಿಲ್ಲರಿಗೆ ಅದೇ 5.5 ಟನ್ ಆಯ್ತು. ಗೋಡೆ, ಬೀಮು ಸೇರಿಸು, ಒಂದು ಫ್ಲೋರಿಗೆ 10 ಟನ್‌ಗೆ ಕಡಿಮೆ ಬರಲ್ಲ. ಮೂರು ಫ್ಲೋರಿಗೆ 30 ಟನ್. ಅಷ್ಟನ್ನೂ ಮಣ್ಣು ತಡೆಯುವಷ್ಟು ಹರಡಬೇಕಲ್ಲ, ಫುಟಿಂಗ್ ಇರೋದೇ ಅದಕ್ಕೆ. ಮಣ್ಣು ಚದರ ಮೀಟರಿಗೆ 15 ಟನ್ ತಡೆದರೆ 2 ಚದರ ಮೀಟರ್ ಫುಟಿಂಗ್ ಬೇಕು. ಅಂದರೆ ಒಂದೊಂದು ಕಡೆ 4 ಅಡಿ 8 ಇಂಚು. 10 ಟನ್ನೇ ತಡೆಯೋದಾದರೆ 5 ಅಡಿ 9 ಇಂಚು.

ಇದು ಬರೀ ಭಾರದ ಕಥೆ. ಎರೆಮಣ್ಣಿನ ಕಥೆಯೇ ಬೇರೆ. ಮಳೆ ಬಂದರೆ ನೆನೆಸಿದ ಅವಲಕ್ಕಿ ಹಾಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತೆ. ಉಬ್ಬುವಾಗ ಹಗುರ ಕಟ್ಟಡವನ್ನು ಎತ್ತಿಬಿಡುತ್ತೆ. ಅದಕ್ಕೇ ನಮ್ಮೂರಲ್ಲಿ ಮೂರು ಅಂತಸ್ತಿನ ಮನೆ ನೆಟ್ಟಗೆ ನಿಂತಿರುತ್ತೆ, ಅದರ ಕಾಂಪೌಂಡ್ ಗೋಡೆ ಅಂಕುಡೊಂಕಾಗಿರುತ್ತೆ.

ನಿನ್ನ ಬಿರುಕು ಮೇಲೆ ಅಗಲ ಅಂದೆ. ಅಂದರೆ ಆ ಮೂಲೆ ಕೆಳಗೆ ಹೋಗಿದೆ, ಇಲ್ಲವೇ ನಡುಮನೆ ಮೇಲೆದ್ದಿದೆ. ಮನೆ ನಡುವಿನ ಮಣ್ಣಿಗೆ ಬಿಸಿಲು ತಾಗಲ್ಲ, ತೇವ ಹಾಗೇ ಇರುತ್ತೆ. ಅಂಚಿನ ಮಣ್ಣು ಒಣಗಿ ಕುಗ್ಗುತ್ತೆ. ಮೂರು ವಿಷಯ ವಿಚಾರಿಸು. ಬಿರುಕು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತಾ? ಆ ಮೂಲೆ ಹತ್ತಿರ ಮರ ಇದೆಯಾ? ಸಂಪು ಎಲ್ಲಿದೆ, ಸೋರುತ್ತಾ? ಆಮೇಲೆ ಬಿರುಕಿಗೆ ಅಡ್ಡವಾಗಿ ಒಂದು ಗಾಜಿನ ಪಟ್ಟಿಯನ್ನು ಗಾರೆಯಲ್ಲಿ ಅಂಟಿಸಿ, ತಾರೀಕು ಬರೆಸು. ಗಾಜು ಒಡೆದರೆ ಗೋಡೆ ಇನ್ನೂ ಓಡಾಡ್ತಿದೆ ಅಂತ.

ಗೌಂಡಿ ಮಗ, ಚಿತ್ರದುರ್ಗ

ನಮ್ಮ ದುರ್ಗದಲ್ಲಿ ಎರಡಡಿ ಅಗೆದರೆ ಬಂಡೆ ಸರ್. ಪಾಯಕ್ಕೆ ಇದಕ್ಕಿಂತ ಏನು ಬೇಕು ಅಂತಾರೆ. ತೊಂದರೆ ಬರೋದು ಇಳಿಜಾರಿನ ಸೈಟಲ್ಲಿ. ಹಿಂದಿನ ನಾಲ್ಕು ಪಿಲ್ಲರ್ ಬಂಡೆ ಮೇಲೆ, ಮುಂದಿನ ನಾಲ್ಕು ಮೊರಂ ತುಂಬಿದ ಮಣ್ಣಿನ ಮೇಲೆ. ಬಂಡೆ ಜಗ್ಗಲ್ಲ, ತುಂಬಿದ ಮಣ್ಣು ಮಳೆ ಮಳೆಗೂ ಕೂರುತ್ತೆ. ನಡುವೆ ಗೋಡೆ ಸೀಳುತ್ತೆ. ಇಡೀ ಮನೆ ಸಮನಾಗಿ ಒಂದಿಂಚು ಕೂತರೆ ಯಾರಿಗೂ ಗೊತ್ತಾಗಲ್ಲ, ಒಂದು ಕಡೆ ಮಾತ್ರ ಅರ್ಧ ಇಂಚು ಕೂತರೂ ಬಾಗಿಲು ಹಿಡಿಯುತ್ತೆ.

ಹೊಸ ವ್ಯಾಲ್ಯುಯರ್, ದಾವಣಗೆರೆ

ಸರ್, ಮತ್ತೆ ಹೋಗಿ ವಿಚಾರಿಸಿದೆ. ಬಿರುಕು ಮಳೆಗಾಲದಲ್ಲಿ ಸಣ್ಣದಾಗುತ್ತಂತೆ. ಮೂಲೆಯಿಂದ ಆರೇಳು ಅಡಿಗೆ ದೊಡ್ಡ ಬಾದಾಮಿ ಮರ ಇದೆ. ಸಂಪು ಹಿಂದುಗಡೆ, ಸೋರ್ತಿಲ್ಲ. ಕಟ್ಟುವಾಗ ಮೊಬೈಲಲ್ಲಿ ತೆಗೆದ ಫೋಟೋ ಸಿಕ್ಕಿತು. ಗುಂಡಿ ಪೂರ್ತಿ ಕಪ್ಪು ಮಣ್ಣು. ಡ್ರಾಯಿಂಗಲ್ಲಿ ಫುಟಿಂಗ್ ಮೂರೂವರೆ ಅಡಿ ಚೌಕ, ಆಳ ನಾಲ್ಕೂವರೆ ಅಡಿ. ಸಾಯಿಲ್ ಟೆಸ್ಟ್ ಮಾಡಿಸಿಲ್ಲ. ಮರ ಕಡಿಸಿಬಿಡಿ ಅಂತ ಹೇಳಲಾ?

ನಿವೃತ್ತ ಇಂಜಿನಿಯರ್, ವಿದ್ಯಾನಗರ

ಮರದ ತಂಟೆಗೆ ಸದ್ಯಕ್ಕೆ ಹೋಗಬೇಡ. ಬೇರು ಹೀರಿ ಒಣಗಿಸಿದ ಮಣ್ಣು, ಮರ ಹೋದ ಮೇಲೆ ನೀರು ಕುಡಿದು ಉಬ್ಬುತ್ತೆ. ಕೂತಿದ್ದ ಮೂಲೆ ಆಗ ಏಳುತ್ತೆ. ಅದನ್ನು ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಹೇಳಲಿ.

ಈಗ ಲೆಕ್ಕ ನೋಡು. ಮೂರೂವರೆ ಅಡಿ ಚೌಕ ಅಂದರೆ 1.14 ಚದರ ಮೀಟರ್. ಎರಡು ಫ್ಲೋರಿನ 20 ಟನ್ನಿಗೇ ಚದರ ಮೀಟರಿಗೆ 17.5 ಟನ್ ಬೀಳ್ತಿದೆ. ಪುಸ್ತಕದ ಕೋಷ್ಟಕ ಒಣ ಎರೆಮಣ್ಣಿಗೇ 15ರ ಹತ್ತಿರ ಕೊಡುತ್ತೆ, ನೆನೆದರೆ ಇನ್ನೂ ಕಡಿಮೆ. ಮೂರನೇದು ಏರಿಸಿದರೆ 26 ದಾಟುತ್ತೆ. ಮೂಲೆ ಪಿಲ್ಲರಿಗೆ ಭಾರ ಕಡಿಮೆ ಬರುತ್ತೆ, ನಡುವಿನದಕ್ಕೆ ಇದೇ ಲೆಕ್ಕ. ಆಳವೂ ಸಾಲದು. ಎರೆಮಣ್ಣು ಋತು ಋತುವಿಗೆ ಮೂರೂವರೆ ಮೀಟರಿನವರೆಗೂ ಅಲುಗಾಡುತ್ತೆ ಅಂತ ಲೆಕ್ಕ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐನವರು ತಳದಲ್ಲಿ ಗುಂಡಗೆ ಉಬ್ಬಿದ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಮಾಡಿದ್ದೇ ಇಂಥ ಮಣ್ಣಿಗೆ. ಆ ಅಲುಗಾಟದ ಕೆಳಗೆ ಇಳಿದು ಕೂರಲಿ ಅಂತ.

ರಿಪೋರ್ಟಲ್ಲಿ "ಪಾಯ ಚೆನ್ನಾಗಿದೆ" ಅಂತ ಮಾತ್ರ ಬರೆಯಬೇಡ, ನೀನು ನೋಡಿಲ್ಲವಲ್ಲ. ಬಿರುಕಿನ ಜಾಗ, ಅಗಲ, ಫೋಟೋ, ಮರದ ದೂರ ಹಾಕು. ಫುಟಿಂಗ್ ಅಳತೆ ಡ್ರಾಯಿಂಗಿಂದ ತಗೊಂಡಿದ್ದು ಅಂತ ಸ್ಪಷ್ಟವಾಗಿ ಬರೆ. ಸೈಟಿನ ಬೆಲೆ ಬೇರೆ, ಈಗಿರುವ ಎರಡು ಫ್ಲೋರಿನ ಬೆಲೆ ಬೇರೆ ತೋರಿಸು. ರಿಪೇರಿಗೆ ಅಂದಾಜು ಖರ್ಚು ಹಾಕಿ ಕಟ್ಟಡದ ಬೆಲೆಯಿಂದ ಕಳೆ. ಸುಮ್ನೆ ಸವಕಳಿ (ಹಳತಾದ್ದಕ್ಕೆ ಕಳೆಯೋ ಬೆಲೆ) ಶೇಕಡಾ ಏರಿಸಬೇಡ, ಬ್ಯಾಂಕಿನವರು ಕೇಳಿದರೆ ಉತ್ತರ ಇರಲ್ಲ. ಮೂರನೇ ಫ್ಲೋರ್ ವಿಷಯ ಸಾಯಿಲ್ ಟೆಸ್ಟೂ, ಕಟ್ಟಡ ಭಾರ ತಡೆಯುತ್ತೆ ಅಂತ ಇಂಜಿನಿಯರ್ ಕೊಡೋ ಸ್ಟೆಬಿಲಿಟಿ ಸರ್ಟಿಫಿಕೇಟೂ ಬಂದ ಮೇಲೆ.

ಮಾಲೀಕರು ಬೈತಾರೆ, ಬೈಯಲಿ ಬಿಡು.