ಸಹಾಯ ಬೇಕು: ಈ ಚಿತ್ರದ ಬಗ್ಗೆ ಆ ಹುಡುಗಿಗೆ ಏನಂತ ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಿನ್ನೆ ತುಮಕೂರಿನಲ್ಲಿ ಕಲಾ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಹೋಗಿದ್ದೆ. ಒಂದು ಎಣ್ಣೆಬಣ್ಣದ ಚಿತ್ರದ ಮುಂದೆ ಅರ್ಧ ಗಂಟೆ ನಿಂತುಬಿಟ್ಟೆ. ಜಗಲಿ ಮೇಲೆ ಒಬ್ಬ ಅಜ್ಜಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾ ಕೂತಿದ್ದಾರೆ, ಅಷ್ಟೇ. ನಮ್ಮ ಕಡೆ ಬೇಸಿಗೆಯಲ್ಲಿ ನೋಡುವ ಕೆಲಸವೇ ಅಲ್ವಾ. ಆದರೆ ಆ ಬೆರಳುಗಳು! ಉಗುರಿನ ಸಂದಿಗೆ ಕಂದು ಬಣ್ಣವನ್ನು ಎಷ್ಟು ದಪ್ಪ ಇಟ್ಟಿದ್ದಾಳೆ ಅಂದರೆ ಪಕ್ಕದಿಂದ ನೋಡಿದರೆ ಹುಣಸೆ ಅಂಟಿದ ಹಾಗೇ ಹೊಳೆಯುತ್ತದೆ, ಮುಖಕ್ಕೆ ಮಾತ್ರ ತೆಳುವಾಗಿ ಹಚ್ಚಿ ಕ್ಯಾನ್ವಾಸಿನ ನೇಯ್ಗೆ ಕಾಣುವ ಹಾಗೆ ಬಿಟ್ಟಿದ್ದಾಳೆ.

ಬರೆದ ಹುಡುಗಿ ಅಲ್ಲೇ ಇದ್ದಳು. "ಅಕ್ಕಾ, ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ನಿಮಗೆ ಅನಿಸಿದ್ದು ಬರೆದುಕೊಡಿ" ಅಂದಳು. ನಾನು ಚಿತ್ರಕಲೆ ಕಲಿತವಳಲ್ಲ. ಅಜ್ಜಿಯ ಬಲಗೈ ಸ್ವಲ್ಪ ಜಾಸ್ತಿ ಉದ್ದ ಅನಿಸಿತು. ಅದು ತಪ್ಪೋ, ಬೇಕಂತಲೇ ಮಾಡಿದ್ದೋ? ಹೆಸರಾಂತ ಕಲಾವಿದೆ ಅಮೃತಾ ಶೇರ್‌ಗಿಲ್ 1937ರಲ್ಲಿ ಬರೆದ ಚಿತ್ರದಲ್ಲಿ ಸಂತೆಗೆ ಹೊರಟ ಹಳ್ಳಿಗರೂ ಅಳತೆಗೆ ಸರಿಯಾಗಿಲ್ಲ, ಆದರೂ ಮನಸ್ಸಿನಲ್ಲಿ ಉಳಿಯುತ್ತಾರೆ. ಸುಮ್ನೆ ಹೊಗಳಲು ಇಷ್ಟವಿಲ್ಲ, ಮನಸ್ಸು ನೋಯಿಸಲೂ ಇಷ್ಟವಿಲ್ಲ.

ಇನ್ನೊಂದು ವಿಷಯ. ಚಿತ್ರ ಕೊಳ್ಳಬೇಕು ಅಂತಿದ್ದೇನೆ. ಬಣ್ಣದಲ್ಲಿರುವ ಅಗಸೆ ಎಣ್ಣೆಯ ವಾಸನೆ ಇನ್ನೂ ಇದೆ. ಈ ಬಣ್ಣ ಗಾಳಿ ತಾಗಿ ನಿಧಾನಕ್ಕೆ ಗಟ್ಟಿಯಾಗುತ್ತದೆ, ದಪ್ಪ ಇರುವ ಕಡೆ ತಿಂಗಳುಗಟ್ಟಲೆ ಬೇಕು, ವಾರ್ನಿಷ್‌ಗೆ ಸಾಮಾನ್ಯವಾಗಿ 6 ತಿಂಗಳಾದರೂ ಕಾಯುತ್ತಾರೆ. ಅಲ್ಲಿಯವರೆಗೆ ರಸ್ತೆ ಪಕ್ಕದ ಮನೆಯಲ್ಲಿ ಧೂಳು ಕೂರದ ಹಾಗೆ ಹೇಗೆ ಇಡುವುದು? ಎಣ್ಣೆಬಣ್ಣದಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಭಾನುವಾರ ಮತ್ತೆ ಹೋಗುತ್ತೇನೆ, ಅಷ್ಟರೊಳಗೆ ಅವಳಿಗೆ ಬರೆದುಕೊಡಬೇಕು.