ಪ್ರಶ್ನೋತ್ತರ: ಸಿಸಿಲಿಯ ಮಾಫಿಯಾ ಬಡತನದ ಕೂಸೇ?

ಪ್ರಶ್ನೆ (ಪದವಿ ವಿದ್ಯಾರ್ಥಿನಿ, ಧಾರವಾಡ): ನಮಸ್ಕಾರ ಸರ್. ನೀವು ಅಪರಾಧಶಾಸ್ತ್ರ ಕಲಿಸುವವರಾದ್ದರಿಂದ ಕೇಳುತ್ತಿದ್ದೇನೆ. ಸಿಸಿಲಿಯ ಹಸಿದ ರೈತರು ಜಮೀನ್ದಾರರ ವಿರುದ್ಧ ಕಟ್ಟಿಕೊಂಡ ಗುಪ್ತ ಕೂಟವೇ ಮುಂದೆ ಮಾಫಿಯಾ ಆಯಿತು ಎಂದು ಓದಿದೆ. ನಿಜವೇ?

ಉತ್ತರ: ಇಲ್ಲ. ಮಾಫಿಯಾ ತನ್ನ ಬಗ್ಗೆ ತಾನೇ ಪ್ರೀತಿಯಿಂದ ಹೇಳಿಕೊಂಡು ಬಂದ ಕಥೆ ಅದು. ನಿಜದಲ್ಲಿ ಅದು ಬೇರು ಬಿಟ್ಟಿದ್ದು ದ್ವೀಪದ ಅತ್ಯಂತ ಸಿರಿವಂತ ನೆಲದಲ್ಲಿ, ಪಲೆರ್ಮೊ ನಗರದ ಸುತ್ತಲಿನ ನಿಂಬೆ ತೋಟಗಳಲ್ಲಿ. ಸ್ಕರ್ವಿ ರೋಗ ತಡೆಯಲು ಬ್ರಿಟಿಷ್ ನೌಕಾಪಡೆ 18ನೇ ಶತಮಾನದ ಕೊನೆಯಲ್ಲಿ ನಾವಿಕರಿಗೆ ನಿಂಬೆರಸ ಕೊಡತೊಡಗಿತು. ಮುಂದಿನ ದಶಕಗಳಲ್ಲಿ ಹಣ್ಣು ಹಡಗುಗಟ್ಟಲೆ ಲಂಡನ್ನಿಗೂ ನ್ಯೂಯಾರ್ಕಿಗೂ ಹೋಯಿತು. ಆದರೆ ನಿಂಬೆ ತೋಟ ಫಲಕ್ಕೆ ಬರಲು ವರ್ಷಗಳು ಬೇಕು, ಬೇಸಿಗೆಯಲ್ಲಿ ಒಂದು ಸರದಿಯ ನೀರೂ ತಪ್ಪಬಾರದು. ಒಂದು ರಾತ್ರಿಯಲ್ಲಿ ಗಿಡ ಕಡಿದರೆ ಮಾಲೀಕನ ಬದುಕೇ ಮುಳುಗುತ್ತದೆ. ಹೀಗಾಗಿ ಕಾವಲುಗಾರನಿಗೆ ಮತ್ತು ನೀರು ಬಿಡುವವನಿಗೆ ತೋಟದ ಯಜಮಾನನಿಗಿಂತ ಹೆಚ್ಚಿನ ಬಲ ಬಂತು.

ಇದಕ್ಕೆ ಹಿನ್ನೆಲೆಯೂ ಇದೆ. ಸಿಸಿಲಿಯಲ್ಲಿ ಊಳಿಗಮಾನ್ಯ ಪದ್ಧತಿ ಕಾನೂನಿನ ಪ್ರಕಾರ 1812ರಲ್ಲಿ ರದ್ದಾಯಿತು. 1860ರಲ್ಲಿ ಗ್ಯಾರಿಬಾಲ್ಡಿ ದಂಡೆತ್ತಿ ಬಂದ ಮೇಲೆ ದ್ವೀಪ ಹೊಸ ಇಟಲಿಗೆ ಸೇರಿತು. ಭೂಮಿ ಕೊಳ್ಳಬಹುದು, ಮಾರಬಹುದು ಎಂದಾಯಿತು. ಆ ಆಸ್ತಿಯನ್ನು ಕಾಯುವ ಪೊಲೀಸರಾಗಲಿ ನ್ಯಾಯಾಲಯವಾಗಲಿ ಹೊಸ ಸರ್ಕಾರದ ಬಳಿ ಸಾಕಷ್ಟು ಇರಲಿಲ್ಲ. ಆ ತೆರಪಿನಲ್ಲಿ ರಕ್ಷಣೆಯನ್ನೇ ಸರಕಾಗಿಸಿ ಮಾರಿದವರೇ ಮಾಫಿಯಾ ಆದರು. ಕಳ್ಳತನದ ಭಯ ಹುಟ್ಟಿಸುವವನೂ ಅವನೇ, ಭಯದಿಂದ ಕಾಪಾಡುವವನೂ ಅವನೇ.

ಗಾಸ್ಪಾರೆ ಗಲಾತಿ ಎಂಬ ಶಸ್ತ್ರವೈದ್ಯರ ಪ್ರಕರಣವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. 1872ರಲ್ಲಿ ಪಲೆರ್ಮೊದ ಅಂಚಿನ ಒಂದು ನಿಂಬೆ ತೋಟದ ಉಸ್ತುವಾರಿ ಅವರಿಗೆ ಬಂತು. ಕಾವಲುಗಾರ ಹಣ್ಣು ಕದ್ದು, ತೋಟದ ಹೆಸರು ಕೆಡಿಸಿ, ಕೊನೆಗೆ ಅಗ್ಗದಲ್ಲಿ ತಾನೇ ಹಿಡಿಯುವ ಹಂಚಿಕೆಯಲ್ಲಿದ್ದ. ಗಲಾತಿ ಅವನನ್ನು ಕೆಲಸದಿಂದ ತೆಗೆದರು. 1874ರಲ್ಲಿ ಹೊಸ ಕಾವಲುಗಾರನನ್ನು ಗುಂಡಿಟ್ಟು ಕೊಂದರು, ಬೆದರಿಕೆ ಪತ್ರಗಳು ಬಂದವು, ಪೊಲೀಸರು ಕೈಚೆಲ್ಲಿದರು. ಮರುವರ್ಷ ವೈದ್ಯರು ಮನೆಮಂದಿಯೊಂದಿಗೆ ನೇಪಲ್ಸ್‌ಗೆ ಓಡಿಹೋಗಿ ಗೃಹಸಚಿವರಿಗೆ ಒಂದು ದೀರ್ಘ ಮನವಿ ಬರೆದರು. ಸುಮಾರು 800 ಜನರಿದ್ದ ಪಕ್ಕದ ಉದಿತೋರೆ ಹಳ್ಳಿಯಲ್ಲಿ 1874ರ ಒಂದೇ ವರ್ಷದಲ್ಲಿ 23 ಕೊಲೆಗಳಾಗಿವೆ ಎಂದು ಅದರಲ್ಲಿ ಹೇಳಿದರು. ಅಷ್ಟು ಹಿಂದೆಯೇ ಎಲ್ಲವೂ ಸರ್ಕಾರದ ಮೇಜಿನ ಮೇಲಿತ್ತು.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, ಮೈಸೂರು): ಮಾಫಿಯಾಕ್ಕೆ ಸೇರುವವರಿಂದ ಬೆರಳು ಚುಚ್ಚಿ ರಕ್ತ ತೆಗೆದು ಪ್ರಮಾಣ ಮಾಡಿಸುತ್ತಾರೆ ಎಂಬುದು ಬರೀ ಕಟ್ಟುಕಥೆಯೇ?

ಉತ್ತರ: ಕಟ್ಟುಕಥೆಯಲ್ಲ. ಪಲೆರ್ಮೊದ ಪೊಲೀಸ್ ಮುಖ್ಯಸ್ಥರು 1876ರಲ್ಲಿ ಕಳಿಸಿದ ವರದಿಯಲ್ಲೇ ಇದರ ವಿವರಣೆ ಇದೆ: ಬೆರಳಿನ ರಕ್ತವನ್ನು ಸಂತರ ಚಿತ್ರಕ್ಕೆ ಬಳಿಯುತ್ತಾರೆ, ಚಿತ್ರವನ್ನು ಸುಡುತ್ತಾರೆ, ದ್ರೋಹ ಬಗೆದರೆ ನಿನಗೂ ಇದೇ ಗತಿ ಎನ್ನುತ್ತಾರೆ. 1984ರಲ್ಲಿ ತೊಮ್ಮಾಸೊ ಬುಶೆತ್ತಾ ಎಂಬ ಹಳೆಯ ಸದಸ್ಯ ಮ್ಯಾಜಿಸ್ಟ್ರೇಟ್ ಜೊವಾನ್ನಿ ಫಾಲ್ಕೋನೆ ಎದುರು ಬಾಯಿ ಬಿಟ್ಟಾಗ ವರ್ಣಿಸಿದ್ದೂ ಹೆಚ್ಚುಕಡಿಮೆ ಇದೇ ವಿಧಿ. ನೂರು ವರ್ಷ ಬದಲಾಗದೆ ಉಳಿದ ಈ ವಿಧಿಯೇ ಇದೊಂದು ಒಗ್ಗೂಡಿದ ಸಂಸ್ಥೆ ಎಂಬುದಕ್ಕೆ ಪುರಾವೆ. ಆದರೂ ಅದು ಸಂಸ್ಥೆಯೇ ಅಲ್ಲ, ಸಿಸಿಲಿಯವರ ಸ್ವಭಾವವೇ ಹಾಗೆ ಎಂದು ರಾಜಕಾರಣಿಗಳೂ ಕೆಲವು ವಿದ್ವಾಂಸರೂ ದಶಕಗಳ ಕಾಲ ವಾದಿಸಿದರು. ಆ ವಾದದಿಂದ ಲಾಭವಾದದ್ದು ಕೊಲೆಗಾರರಿಗೆ ಮಾತ್ರ.

ಪ್ರಶ್ನೆ (ಅದೇ ಬ್ಯಾಂಕ್ ಉದ್ಯೋಗಿ): ಹೆಂಗಸರನ್ನೂ ಮಕ್ಕಳನ್ನೂ ಮುಟ್ಟುವುದಿಲ್ಲ ಎಂಬ ನಿಯಮವಾದರೂ ಇತ್ತಲ್ಲವೇ?

ಉತ್ತರ: ತಂದೆ ಸಾಕ್ಷಿ ಹೇಳಿದ ಎಂಬ ಕಾರಣಕ್ಕೆ 1993ರ ನವೆಂಬರ್‌ನಲ್ಲಿ 12 ವರ್ಷದ ಹುಡುಗನೊಬ್ಬನನ್ನು ಅಪಹರಿಸಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಕೂಡಿಟ್ಟು, 1996ರ ಜನವರಿಯಲ್ಲಿ ಕತ್ತು ಹಿಸುಕಿ ಕೊಂದು, ದೇಹವನ್ನು ಆಮ್ಲದಲ್ಲಿ ಕರಗಿಸಿದರು. ದಯವಿಟ್ಟು ಆ ನಿಯಮದ ಮಾತನ್ನು ಯಾರೂ ಆಡಬೇಡಿ.

ಪ್ರಶ್ನೆ (ನಿವೃತ್ತ ಶಿಕ್ಷಕರು, ಶಿರಸಿ): ಎಲ್ಲ ಗೊತ್ತಿದ್ದೂ ಜನ ಏಕೆ ಸುಮ್ಮನಿದ್ದರು? ಅಷ್ಟು ಹೇಡಿತನವೇ?

ಉತ್ತರ: ಹೇಡಿತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ದೂರು ಕೊಟ್ಟವನನ್ನು ಕಾಪಾಡುವವರು ಇಲ್ಲದಿದ್ದಾಗ ಮೌನವೊಂದೇ ಉಳಿದ ದಾರಿ. ಜೊತೆಗೆ, ಸುಮ್ಮನಿರದವರ ಪಟ್ಟಿ ನಾವು ತಿಳಿದಿರುವುದಕ್ಕಿಂತ ಬಹಳ ಉದ್ದವಿದೆ, ಅವರಲ್ಲಿ ಹೆಚ್ಚಿನವರು ಸಿಸಿಲಿಯವರೇ. ಬ್ಯಾಂಕ್ ಆಫ್ ಸಿಸಿಲಿಯ ಮಾಜಿ ನಿರ್ದೇಶಕ ಎಮಾನುವೆಲೆ ನೊತಾರ್ಬಾರ್ತೊಲೊ ಅವರನ್ನು 1893ರಲ್ಲಿ ಚಲಿಸುವ ರೈಲಿನಲ್ಲಿ ಇರಿದು ಕೊಂದರು. ಚಿನಿಸಿ ಊರಿನ ಪೆಪ್ಪಿನೊ ಇಂಪಾಸ್ತಾತೊ ಮಾಫಿಯಾ ನಂಟಿನ ಮನೆಯಲ್ಲೇ ಹುಟ್ಟಿದ ಹುಡುಗ. ಸಣ್ಣದೊಂದು ರೇಡಿಯೊ ಕೇಂದ್ರದಿಂದ ಊರಿನ ಮಾಫಿಯಾ ದೊರೆ ಗಯೆತಾನೊ ಬದಲಾಮೆಂತಿಯ ಹೆಸರು ಹಿಡಿದು ಲೇವಡಿ ಮಾಡಿದ. 1978ರ ಮೇ 9ರಂದು ಅವನನ್ನು ಕೊಂದು, ರೈಲು ಹಳಿಗೆ ಬಾಂಬಿಡಲು ಹೋಗಿ ತಾನೇ ಸತ್ತ ಎಂದು ಕಾಣುವಂತೆ ಮಾಡಿದರು. ತನಿಖೆಯೂ ಮೊದಲು ಅದನ್ನೇ ನಂಬಿತು. ತಾಯಿ ಫೆಲಿಚಾ ನಂಬಲಿಲ್ಲ. ದಶಕಗಳ ಕಾಲ ಬಾಗಿಲು ತಟ್ಟಿದರು. 2002ರಲ್ಲಿ ಬದಲಾಮೆಂತಿಗೆ ಜೀವಾವಧಿ ಶಿಕ್ಷೆಯಾಯಿತು. ಆಗ ಆ ತಾಯಿಗೆ 80 ದಾಟಿತ್ತು.

ಪ್ರಶ್ನೆ (ಕಾನೂನು ವಿದ್ಯಾರ್ಥಿ, ಬೆಂಗಳೂರು): ಹಾಗಾದರೆ ಅದನ್ನು ಮುರಿದದ್ದು ಯಾವ ಕಾನೂನು? ನಮ್ಮ ಕಾಯ್ದೆಗಳಿಗೂ ಅದಕ್ಕೂ ಏನು ವ್ಯತ್ಯಾಸ?

ಉತ್ತರ: ಕಮ್ಯುನಿಸ್ಟ್ ಸಂಸದ ಪಿಯೊ ಲಾ ತೊರ್ರೆ ಒಂದು ಮಸೂದೆ ಸಿದ್ಧಪಡಿಸಿದ್ದರು: ಮಾಫಿಯಾ ಮಾದರಿಯ ಕೂಟಕ್ಕೆ ಸೇರುವುದೇ ಅಪರಾಧ, ಅದರಿಂದ ಬಂದ ಆಸ್ತಿ ಜಪ್ತಿ. 1982ರ ಏಪ್ರಿಲ್ 30ರಂದು ಅವರನ್ನು ಕೊಂದರು. ಮಾಫಿಯಾವನ್ನು ಹತ್ತಿಕ್ಕಲು ಪಲೆರ್ಮೊಗೆ ಬಂದಿದ್ದ ಜನರಲ್ ದಲ್ಲಾ ಕಿಯೆಸಾ ಅವರನ್ನೂ ಪತ್ನಿಯನ್ನೂ ಸೆಪ್ಟೆಂಬರ್ 3ರಂದು ಕೊಂದರು. ಆಮೇಲೆ ಹತ್ತೇ ದಿನದಲ್ಲಿ ಮಸೂದೆ ಕಾನೂನಾಯಿತು. ಅಷ್ಟು ಹೆಣ ಬೀಳುವ ತನಕ ಕಾದದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ಕಾನೂನನ್ನು ಹಿಡಿದು ಫಾಲ್ಕೋನೆ, ಪಾವೊಲೊ ಬೊರ್ಸೆಲ್ಲಿನೊ ಮತ್ತು ಸಂಗಡಿಗರು ಬುಶೆತ್ತಾನ ಹೇಳಿಕೆಯನ್ನು ಚೆಕ್ಕು, ಬ್ಯಾಂಕ್ ಖಾತೆ, ಪ್ರಯಾಣದ ದಾಖಲೆಗಳೊಂದಿಗೆ ತಾಳೆ ಹಾಕಿದರು. 1986ರ ಫೆಬ್ರುವರಿಯಲ್ಲಿ ಸೆರೆಮನೆಯ ಪಕ್ಕದಲ್ಲೇ ಕಟ್ಟಿದ ಕಾಂಕ್ರೀಟು ಕೋಟೆಯಂಥ ನ್ಯಾಯಾಲಯದಲ್ಲಿ 475 ಆರೋಪಿಗಳ ವಿಚಾರಣೆ ಶುರುವಾಯಿತು. 1987ರ ಡಿಸೆಂಬರ್‌ನಲ್ಲಿ 19 ಮಂದಿಗೆ ಜೀವಾವಧಿ, ಉಳಿದ ದೋಷಿಗಳಿಗೆ ಒಟ್ಟು 2,665 ವರ್ಷಗಳ ಶಿಕ್ಷೆ. 1992ರ ಜನವರಿ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು. ಕೋರ್ಲೆಯೋನೆ ಪಟ್ಟಣದ ಮಾಫಿಯಾ ನಾಯಕ ತೊತೊ ರೀನಾ ಸೇಡು ತೀರಿಸಿಕೊಂಡ: ಮೇ 23ರಂದು ಕಪಾಚಿ ಬಳಿ ಹೆದ್ದಾರಿಯನ್ನೇ ಸ್ಫೋಟಿಸಿ ಫಾಲ್ಕೋನೆ, ಪತ್ನಿ ಫ್ರಾಂಚೆಸ್ಕಾ ಮೊರ್ವಿಲ್ಲೊ ಮತ್ತು ಮೂವರು ಅಂಗರಕ್ಷಕರನ್ನು, ಜುಲೈ 19ರಂದು ಬೊರ್ಸೆಲ್ಲಿನೊ ಮತ್ತು ಐವರು ಅಂಗರಕ್ಷಕರನ್ನು ಕೊಂದ. ಜನ ಆಗ ಬೀದಿಗಿಳಿದರು, ಬಾಲ್ಕನಿಗಳಿಂದ ಬಿಳಿ ಬೆಡ್‌ಶೀಟು ಇಳಿಬಿಟ್ಟು ಪ್ರತಿಭಟಿಸಿದರು. 1993ರ ಜನವರಿ 15ರಂದು ರೀನಾ ಸಿಕ್ಕಿಬಿದ್ದ.

ಇನ್ನು ನಮ್ಮದು. ಕರ್ನಾಟಕಕ್ಕೆ 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ ಇದೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮೂ ಇದೆ. ಕೂಟದ ಸದಸ್ಯತ್ವಕ್ಕೆ ಇಲ್ಲೂ ಶಿಕ್ಷೆ ಇದೆ. ಆದರೆ ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಸಲ್ಲಿಕೆಯಾಗಿರಬೇಕು. ಇಟಲಿಯ ಕಲಂ ಹುಡುಕುವುದು ಬೇರೆಯದನ್ನು: ಕೂಟದ ಹೆಸರಿನಿಂದಲೇ ಜನ ಹೆದರಿ ಬಾಯಿ ಮುಚ್ಚುತ್ತಾರೆಯೇ ಎಂಬುದನ್ನು. ಗುಂಡು ಹಾರಿಸದೆ ಊರನ್ನು ಹಿಡಿತದಲ್ಲಿಟ್ಟವನೂ ಆ ಬಲೆಗೆ ಬೀಳುತ್ತಾನೆ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಈ ಎರಡು ಕಲಮುಗಳನ್ನು ಪಕ್ಕಪಕ್ಕ ಇಟ್ಟು ಓದಿ.

ಪ್ರಶ್ನೆ (ಧಾರವಾಡದ ವಿದ್ಯಾರ್ಥಿನಿ): ಈಗ ಮುಗಿಯಿತೇ?

ಉತ್ತರ: ಮುಗಿದಿಲ್ಲ, ಕುಗ್ಗಿದೆ. 30 ವರ್ಷ ತಲೆಮರೆಸಿಕೊಂಡಿದ್ದ ಮಾಫಿಯಾ ನಾಯಕ ಮತ್ತೆಯೊ ಮೆಸ್ಸಿನಾ ದೆನಾರೊ 2023ರ ಜನವರಿ 16ರಂದು ಪಲೆರ್ಮೊದ ಆಸ್ಪತ್ರೆಯೊಂದರ ಬಳಿ ಸಿಕ್ಕಿದ, ಅದೇ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸರಿನಿಂದ ಸತ್ತ. ಅಂಗಡಿಗಳಿಂದ ಹಫ್ತಾ ವಸೂಲಿ ಇನ್ನೂ ಇದೆ. ಹಫ್ತಾ ಕೊಡುವುದಿಲ್ಲ ಎಂದು ಪತ್ರಿಕೆಗೆ ಬಹಿರಂಗ ಪತ್ರ ಬರೆದ ಬಟ್ಟೆ ಕಾರ್ಖಾನೆಯ ಮಾಲೀಕ ಲಿಬೆರೊ ಗ್ರಾಸ್ಸಿಯವರನ್ನು 1991ರಲ್ಲಿ ಕೊಂದಾಗ ಅವರ ಜೊತೆ ನಿಂತಿದ್ದ ವರ್ತಕರು ಬಹಳ ಕಡಿಮೆ. 2004ರಲ್ಲಿ ಯುವಕರು ಶುರು ಮಾಡಿದ ‘ಅದ್ದಿಯೊಪಿತ್ಸೊ’ ಚಳವಳಿಯಲ್ಲಿ ಇಂದು ನೂರಾರು ಅಂಗಡಿಗಳು ‘ಇಲ್ಲಿ ಹಫ್ತಾ ಕೊಡುವುದಿಲ್ಲ’ ಎಂದು ಬಾಗಿಲಿಗೇ ಅಂಟಿಸಿಕೊಂಡಿವೆ. 1996ರ ಕಾನೂನಿನಿಂದಾಗಿ ಜಪ್ತಿಯಾದ ಜಮೀನು ಸಹಕಾರ ಸಂಘಗಳಿಗೆ ಹೋಗುತ್ತದೆ. ಕೋರ್ಲೆಯೋನೆಯ ಸುತ್ತಮುತ್ತ ಅಂಥ ಹೊಲಗಳ ಗೋಧಿಯಿಂದ ಪಾಸ್ತಾ ತಯಾರಾಗುತ್ತಿದೆ. ಇಟಲಿಯ ತನಿಖಾಧಿಕಾರಿಗಳ ಮುಖ್ಯ ಚಿಂತೆ ಈಗ ಕಲಾಬ್ರಿಯಾ ಪ್ರಾಂತ್ಯದ ‘ಎನ್‌ಡ್ರಾಂಗೆಟಾ’, ಕೊಕೇನ್ ಹಣದಿಂದ ಬೆಳೆದ ಕೂಟ. ಅದು ರಕ್ತಸಂಬಂಧಿಗಳಿಂದಲೇ ಕಟ್ಟಿದ್ದಾದ್ದರಿಂದ ಬುಶೆತ್ತಾನಂಥ ಸಾಕ್ಷಿಗಳು ಅಲ್ಲಿ ಸಿಗುವುದು ಕಷ್ಟ. ಅದರ ಬಗ್ಗೆ ಪ್ರತ್ಯೇಕವಾಗಿ ಕೇಳಿ, ಬರೆಯುತ್ತೇನೆ.