ಮಧುಮೇಹಿಗಳ ತರಗತಿಗೆ ‘ಅವಧಾನದ ಅಭ್ಯಾಸ’ ಎನ್ನಬಹುದೇ?

ಪದಚರ್ಚೆಯ ಬಂಧುಗಳಿಗೆ ಕಾಸರಗೋಡಿನ ಬದಿಯಡ್ಕದಿಂದ ನಮಸ್ಕಾರ.

ಇಲ್ಲಿ ಹಿರಿಯ ಮಧುಮೇಹಿಗಳಿಗೆಂದು ವಾರಕ್ಕೊಮ್ಮೆ ಸೇರುವ ತರಗತಿಯೊಂದು ಆರಂಭವಾಗಲಿದೆ. ಗಮನ ಕದಲದಂತೆ ಇರಿಸಿಕೊಳ್ಳುವುದು, ಕೇಳಿದ ಅಂಕಿಗಳನ್ನು ತಲೆಯಲ್ಲಿ ಹಿಡಿದು ಹಿಂದುಮುಂದಾಗಿ ಹೇಳುವುದು, ಕಂಡದ್ದಕ್ಕೆ ಬೇಗ ಸ್ಪಂದಿಸುವುದು, ದಿನದ ಕೆಲಸಗಳನ್ನು ಮೊದಲೇ ಹೊಂದಿಸಿಕೊಳ್ಳುವುದು, ಇಂಥವುಗಳಿಗೆ ಕ್ರಮವಾದ ಅಭ್ಯಾಸ ಕೊಡುವ ತರಗತಿ. ಇಂಗ್ಲಿಷಿನಲ್ಲಿ ಕಾಗ್ನಿಟಿವ್ ಟ್ರೈನಿಂಗ್ ಎನ್ನುತ್ತಾರೆ. ಕನ್ನಡ ಕರಪತ್ರ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ, ತಲೆಬರಹಕ್ಕೇ ತಕ್ಕ ಪದ ಸಿಕ್ಕಿಲ್ಲ.

ಮೊದಲು ಹೊಳೆಯುವುದು ‘ಅರಿವಿನ ತರಬೇತಿ’. ಅರಿವು ವಚನಕಾರರ ಬಾಯಲ್ಲಿ ಪಳಗಿದ ಮಾತು, ನನಗೆ ಬಹಳ ಪ್ರಿಯವಾದದ್ದು. ಆದರೆ ಕಚೇರಿಗಳ ಕನ್ನಡ ಅದನ್ನು ಬೇರೊಂದು ಕೆಲಸಕ್ಕೆ ಹಚ್ಚಿಬಿಟ್ಟಿದೆ. ಡೆಂಗಿ ಅರಿವು, ಮತದಾನದ ಅರಿವು, ಕಾನೂನು ಅರಿವು. ಹಾಗಾಗಿ ‘ಮಧುಮೇಹಿಗಳಿಗೆ ಅರಿವಿನ ತರಬೇತಿ’ ಎಂದರೆ ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ನಡೆಯಿರಿ ಎಂಬ ಉಪದೇಶಕ್ಕೆ ಕರೆದಂತಾಗುತ್ತದೆ. ಕರಡನ್ನು ನೆರೆಯ ಅಮ್ಮನೊಬ್ಬರಿಗೆ ತೋರಿಸಿದೆ. ‘ಇದನ್ನೆಲ್ಲ ಆಶಾ ಕಾರ್ಯಕರ್ತೆ ಹೇಳಿ ಆಗಿದೆ’ ಎಂದು ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

‘ಸಂಜ್ಞಾನಾತ್ಮಕ ತರಬೇತಿ’ ಪಠ್ಯಪುಸ್ತಕದಲ್ಲಿ ಇರಲಿ. ‘ಬೌದ್ಧಿಕ’, ‘ಬುದ್ಧಿಶಕ್ತಿ’ ಇವುಗಳಿಗೆ ಮಾತ್ರ ನನ್ನ ಗಟ್ಟಿ ವಿರೋಧವಿದೆ. ಬುದ್ಧಿ ಹೇಳುವುದು, ಬುದ್ಧಿ ಕಲಿಸುವುದು, ಬುದ್ಧಿ ನೆಟ್ಟಗಿಲ್ಲದಿರುವುದು ಯಾವುದೂ ಹಿರಿಯರ ಮುಂದೆ ಆಡುವ ಮಾತಲ್ಲ. ಅರುವತ್ತಕ್ಕೆ ಅರಳು ಮರಳು ಎಂಬ ಗಾದೆ ಮಾಡಿರುವ ಹಾನಿಯೇ ಸಾಕು. ಅದರಿಂದಾಗಿ ಮರೆವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಎರಡನೆಯ ವಿಧದ ಮಧುಮೇಹ ಉಳ್ಳವರಿಗೆ ಮರೆಗುಳಿ ಕಾಯಿಲೆಯ ಅಪಾಯ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಎಂಬುದು ಎಷ್ಟು ಮನೆಗಳಿಗೆ ತಲುಪಿದೆ? ಸಣ್ಣ ರಕ್ತನಾಳಗಳಿಗೆ ಆಗುವ ಹಾನಿ ಕಣ್ಣಿಗೂ ಮೂತ್ರಪಿಂಡಕ್ಕೂ ನಿಲ್ಲುವುದಿಲ್ಲ, ಮಿದುಳನ್ನೂ ಮುಟ್ಟುತ್ತದೆ.

‘ನೆನಪಿನ ತರಬೇತಿ’ ಎಂದರೆ ಜನರಿಗೆ ಕೂಡಲೇ ತಿಳಿಯುತ್ತದೆ, ನಿಜ. ಆದರೆ ಅರ್ಥ ಕಿರಿದಾಗುತ್ತದೆ. ಇನ್ಸುಲಿನ್ ಪೆನ್ನಿನ ಗುಂಡಿಯನ್ನು ಕಟಕಟನೆ ತಿರುಗಿಸಿ 12ಕ್ಕೆ ನಿಲ್ಲಿಸುವಷ್ಟರಲ್ಲಿ ಮೊಬೈಲ್ ಬಡಿದುಕೊಳ್ಳುತ್ತದೆ ಎಂದುಕೊಳ್ಳಿ. ಮಾತು ಮುಗಿಸಿ ಬಂದವರಿಗೆ ಚುಚ್ಚಿಕೊಂಡೆನೋ ಇಲ್ಲವೋ ಎಂಬ ಅನುಮಾನ. ಇಲ್ಲಿ ಮೊದಲು ತಪ್ಪಿದ್ದು ಗಮನ, ನೆನಪು ಆಮೇಲೆ. ಇನ್ನೊಮ್ಮೆ ಚುಚ್ಚಿಕೊಂಡರೆ ಸಕ್ಕರೆಯ ಮಟ್ಟ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಗಲಿಬಿಲಿ ಶುರುವಾಗಬಹುದು. ಆ ಗಲಿಬಿಲಿಯನ್ನು ಮರೆವು ಎಂದುಕೊಂಡು ಕೂರಬಾರದು. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ತಕ್ಷಣ ಸಕ್ಕರೆ ನೀರು ಕೊಡಬೇಕು. ಕರಪತ್ರದಲ್ಲಿ ಇದನ್ನು ಬೇರೆಯಾಗಿಯೇ ದಪ್ಪಕ್ಷರದಲ್ಲಿ ಹಾಕಿಸುತ್ತೇನೆ.

‘ಮಿದುಳು ಚುರುಕು’ ಎಂಬ ಸಲಹೆಯೂ ಬಂದಿದೆ. ಅದು ಕೊಡಲಾಗದ ಭರವಸೆ. ಅಮೆರಿಕದಲ್ಲಿ 1998ರಲ್ಲಿ ಆರಂಭವಾಗಿ 2002ರಲ್ಲಿ ಫಲಿತಾಂಶ ಪ್ರಕಟಿಸಿದ ಆಕ್ಟಿವ್ ಅಧ್ಯಯನದಲ್ಲಿ 65ರಿಂದ 94 ವರ್ಷದ 2,832 ಮಂದಿ ಇದ್ದರು. ನೆನಪಿಗೆ ಅಭ್ಯಾಸ ಮಾಡಿದವರ ನೆನಪು, ತರ್ಕಕ್ಕೆ ಮಾಡಿದವರ ತರ್ಕ, ವೇಗಕ್ಕೆ ಮಾಡಿದವರ ವೇಗ ಸುಧಾರಿಸಿತು; ಒಂದರ ಫಲ ಇನ್ನೊಂದಕ್ಕೆ ದಕ್ಕಲಿಲ್ಲ. 2015ರಲ್ಲಿ ಪ್ರಕಟವಾದ ಫಿನ್ಲೆಂಡಿನ ಫಿಂಗರ್ ಅಧ್ಯಯನದಲ್ಲಿ 1,260 ಮಂದಿ ಇದ್ದರು; ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇಂಥ ಅಭ್ಯಾಸದ ಜೊತೆ ಆಹಾರ, ವ್ಯಾಯಾಮ, ರಕ್ತದೊತ್ತಡದ ನಿಗಾ ಎಲ್ಲವೂ ಸೇರಿದ್ದರಿಂದ ಯಾವುದರ ಫಲ ಎಷ್ಟೆಂದು ಬಿಡಿಸಿ ಹೇಳುವಂತಿಲ್ಲ. ಇವು ಮಧುಮೇಹಿಗಳಿಗೆಂದೇ ನಡೆದವೂ ಅಲ್ಲ. ಆದ್ದರಿಂದ ನಮ್ಮ ಪದ ಉತ್ಸಾಹ ಕೊಡಲಿ, ಗುಣಪಡಿಸುವ ಆಸೆ ಹುಟ್ಟಿಸದಿರಲಿ.

ಈಗ ನನ್ನ ಮನಸ್ಸಿಗೆ ಬಂದದ್ದು: ‘ಅವಧಾನದ ಅಭ್ಯಾಸ’. ಅವಧಾನ ಎಂದರೆ ಗಮನ, ಏಕಾಗ್ರತೆ. ಎಂಟು ಮಂದಿ ಒಡ್ಡುವ ಸವಾಲುಗಳನ್ನು ಒಬ್ಬರೇ ಒಟ್ಟಿಗೆ ನಿಭಾಯಿಸುವ ಅಷ್ಟಾವಧಾನವನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ನಿಷೇಧಾಕ್ಷರಿಯಲ್ಲಿ ನಾಲಗೆಗೆ ಬಂದ ಅಕ್ಷರವನ್ನು ತಡೆದು ಬೇರೊಂದನ್ನು ಹುಡುಕಬೇಕು. ಅಪ್ರಸ್ತುತ ಪ್ರಸಂಗಿ ನಡುನಡುವೆ ಬಾಯಿ ಹಾಕಿದರೂ ಹಿಡಿದ ಪದ್ಯದ ಎಳೆ ಕೈಬಿಡಬಾರದು. ಘಂಟೆಯ ಬಡಿತಗಳನ್ನು ಪದ್ಯ ಕಟ್ಟುತ್ತಲೇ ಎಣಿಸಬೇಕು. ಮನಶ್ಶಾಸ್ತ್ರಜ್ಞರು ಇಂದು ಅಳೆಯುವ ಶಕ್ತಿಗಳಿಗೆ ನಮ್ಮಲ್ಲಿ ಆಟವೂ ಇತ್ತು, ಹೆಸರೂ ಇತ್ತು. ತರಬೇತಿ ಎಂದರೆ ಶಿಬಿರ ಮುಗಿದು ಪ್ರಮಾಣಪತ್ರ ಸಿಗುವ ಸಂಗತಿ. ಅಭ್ಯಾಸ ಎಂದರೆ ದಿನವೂ ಮಾಡುವುದು. ಈ ತರಗತಿಗೆ ಎರಡನೆಯದೇ ಸರಿ.

ಅಳುಕು ಇರುವುದು ಇಷ್ಟಕ್ಕೆ: ಅವಧಾನವನ್ನು ವ್ಯವಧಾನದೊಡನೆ ಬೆರೆಸಿ ತಾಳ್ಮೆ ಎಂದು ಹಲವರು ತಿಳಿಯುತ್ತಾರೆ. ಸಾವಧಾನ ಎಂದರೆ ನಿಧಾನ ಎಂಬ ಅರ್ಥವೂ ಬಳಕೆಯಲ್ಲಿ ಬೇರೂರಿದೆ. ವೇಗದ ಅಭ್ಯಾಸವೂ ಇರುವ ತರಗತಿಗೆ ಇದು ತೊಡಕಾದೀತೇ?

ಇದರೊಡನೆ ಇನ್ನೆರಡು ಪ್ರಶ್ನೆಗಳಿವೆ. ಮಲಯಾಳದಲ್ಲಿ ಮಧುಮೇಹಕ್ಕೆ ಪ್ರಮೇಹ ಎನ್ನುತ್ತಾರೆ, ಆಸ್ಪತ್ರೆಯ ಫಲಕಗಳಲ್ಲಿ ಅದೇ ಇರುತ್ತದೆ. ಆಯುರ್ವೇದದ 20 ಪ್ರಮೇಹಗಳಲ್ಲಿ ಮಧುಮೇಹ ಒಂದು ಮಾತ್ರ. ಕನ್ನಡದ ಹಳಬರ ಕಿವಿಗಂತೂ ಪ್ರಮೇಹವೆಂದರೆ ಗುಹ್ಯರೋಗ. ನಾನು ‘ಸಕ್ಕರೆ ಕಾಯಿಲೆ’ ಎಂದೇ ಬರೆಯಲಿದ್ದೇನೆ. ನಿಮ್ಮ ಕಡೆ ಇದು ಒರಟೆನಿಸುತ್ತದೆಯೇ?

ಇನ್ನೊಂದು ಅಭ್ಯಾಸ ಹೀಗಿದೆ: ‘ಪ’ ಅಕ್ಷರದಿಂದ ಆರಂಭವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಆದಷ್ಟು ಹೇಳಬೇಕು. ನೆರೆಯ ಅದೇ ಅಮ್ಮನನ್ನು ಕೇಳಿದಾಗ ಪಾತ್ರೆ, ಪಲ್ಯ, ಪಡಸಾಲೆ ಎಂದವರು ಒಂದೇ ಉಸಿರಿನಲ್ಲಿ ಪೆತ್ತ, ಪುಚ್ಚೆ ಎಂದು ತುಳುವಿಗೆ ಹೊರಳಿದರು. ದನವೂ ಬೆಕ್ಕೂ ಅವರಿಗೆ ಮನೆಯಲ್ಲಿ ತುಳುವಿನಲ್ಲೇ ಇವೆ. ನಾನು ಎಲ್ಲವನ್ನೂ ಎಣಿಕೆಗೆ ಸೇರಿಸಿದೆ. ಕಾಸರಗೋಡಿನಲ್ಲಿ ಒಂದೇ ಭಾಷೆಯ ಪದಗಳನ್ನು ಎಣಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಕರಪತ್ರದಲ್ಲಿ ಈ ಸೂಚನೆಯನ್ನು ಹೇಗೆ ಬರೆಯಲಿ? ‘ಬಾಯಿಗೆ ಬಂದ ಪದ’ ಎಂದರೆ ಬೈಗುಳದ ನೆನಪಾಗುತ್ತದೆ, ‘ನಿಮ್ಮ ಯಾವುದೇ ಮಾತೃಭಾಷೆಯ ಪದ’ ಎಂದರೆ ಅರ್ಜಿಯ ನಮೂನೆಯಂತೆ ಕೇಳಿಸುತ್ತದೆ. ಮಂಜೇಶ್ವರ, ಪೆರ್ಲ, ಮುಳ್ಳೇರಿಯ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆದರೆ ಉಪಕಾರವಾಗುತ್ತದೆ. ಅಚ್ಚಿಗೆ ಕೊಡಲು ತಿಂಗಳ ಕೊನೆಯವರೆಗೆ ಸಮಯವಿದೆ.